ಗುಂಯಕ್ಕನ ಗಿಟಾರಿಗೆ ಹಗುರ ಕಿವಿ

ಗುಂಯಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟದ್ದು ಬೀದಿಯ ಮಕ್ಕಳು. ಮಧ್ಯಾಹ್ನದ ಹೊತ್ತು ಅವಳ ಮನೆಯ ಕಿಟಕಿಯಿಂದ ಗುಂಯ್, ಗುಂಯ್ ಎಂದು ಒಂದು ಸದ್ದು ಹೊರಡುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟಗಳು ಅದಕ್ಕೆ ಸಣ್ಣಗೆ ನಡುಗುತ್ತಿದ್ದವು. ದುಂಬಿ ಸಾಕಿದ್ದಾಳೆ ಎಂದು ಒಬ್ಬ ಹೇಳಿದರೆ, ಅಲ್ಲ, ಅದು ಅವಳ ಗಂಡನ ಗೊರಕೆ ಎಂದು ಇನ್ನೊಬ್ಬ. ಕೊನೆಗೆ ಕಿಟಕಿ ಹತ್ತಿ ನೋಡಿದವರಿಗೆ ಕಂಡದ್ದು ಸೆರಗನ್ನು ಸೊಂಟಕ್ಕೆ ಬಿಗಿದು, ತನ್ನಷ್ಟೇ ಉದ್ದದ ಗಿಟಾರನ್ನು ಹೆಗಲಿಗೆ ನೇತುಹಾಕಿಕೊಂಡು ನಿಂತ ಹೆಂಗಸು. ಗಿಟಾರಿಗೆ ಇದ್ದದ್ದು ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಗಿಸುವ ತಂತಿಯಷ್ಟು ದಪ್ಪ.

ಅವಳ ಕಸುಬು ಹೊಲಿಗೆ. ಸೋಫಾ ಕವರು, ದಿಂಬಿನ ಚೀಲ, ಕಿಟಕಿಯ ಪರದೆ, ಬಸ್ಸಿನ ಸೀಟು, ಹೀಗೆ ಮನುಷ್ಯರ ಮೈಗೆ ಹಾಕುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಲಿಯುತ್ತಾಳೆ. “ಸೋಫಾ ಒಂದೇ ಸಲ ಅಳತೆ ಕೊಡುತ್ತೆ, ಆಮೇಲೆ ದಪ್ಪ ಆಗಲ್ಲ, ಜಗಳಾನೂ ಆಡಲ್ಲ” ಎನ್ನುವುದು ಅವಳ ಮಾತು. ಗಂಡ ಶಾಲೆಯ ಬಸ್ಸು ಓಡಿಸುತ್ತಾನೆ. ಶನಿವಾರದ ಸಂಜೆ ಮಾತ್ರ ಇಬ್ಬರೂ ಬೇರೆಯೇ ಜನ. ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ, ಮೂಲೆಯ ಮರದ ವೇದಿಕೆಯ ಮೇಲೆ, ಗಂಡ ಡ್ರಮ್ಮು ಬಾರಿಸುತ್ತಾನೆ, ಅವಳು ಕೆಳಸ್ವರಗಳ ಬೇಸ್ ಗಿಟಾರು ನುಡಿಸುತ್ತಾಳೆ, ಅವಳ ಅಣ್ಣ ಕೀಬೋರ್ಡು ನುಡಿಸುತ್ತ ಹಾಡುತ್ತಾನೆ. ತಂಡ ಅಣ್ಣನದು. ಯಾವ ಹಾಡು, ಯಾವ ಶ್ರುತಿ, ಎಷ್ಟು ಹೊತ್ತು ಎಂಬುದೆಲ್ಲ ಅವನು ಹೇಳಿದ ಹಾಗೆ.

ಅವಳು ಆ ವೇದಿಕೆ ಹತ್ತಿದ್ದೂ ಅವನು ಹೇಳಿದ್ದಕ್ಕೇ. ಆಗ ಅವಳ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ತಂಡದ ಬೇಸ್ ನುಡಿಸುವವನು ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟೇ ಹೋದ. ಹೋಗುವಾಗ, “ಈ ಒನಕೆ ನನಗೆ ಇನ್ನು ಬೇಡಪ್ಪ, ನೀವೇ ಇಟ್ಕೊಳ್ಳಿ” ಎಂದು ಗಿಟಾರನ್ನು ಅಣ್ಣನ ಮನೆಯ ಬೀರುವಿನ ಹಿಂದೆ ಬಿಟ್ಟ. ಅಣ್ಣ ಅದನ್ನು ತಂದು ತಂಗಿಯ ಹೊಲಿಗೆ ಯಂತ್ರದ ಪಕ್ಕ ಒರಗಿಸಿದ. “ನಿನ್ನ ಕಾಲು ಮೆಷಿನ್ ತುಳಿಯೋದನ್ನ ನೋಡಿದೀನಿ, ಪುಟ್ಟಿ. ಮಾತಾಡ್ತಿದ್ರೂ ತಾಳ ತಪ್ಪಲ್ಲ. ಅದನ್ನೇ ಕೈಯಲ್ಲಿ ಮಾಡು, ಅಷ್ಟೆ.”

ಅಷ್ಟೆ ಎಂದದ್ದು ಅಷ್ಟೇ ಆಗಿರಲಿಲ್ಲ. ಬೆರಳ ತುದಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗುವ ಹೊತ್ತಿಗೆ ಮಗಳು ಹುಟ್ಟಿ, ಅಂಬೆಗಾಲಿಟ್ಟು, ಗಿಟಾರಿನ ಚೀಲದೊಳಗೆ ಮಲಗುವುದನ್ನು ಕಲಿತಿದ್ದಳು. ಆದರೆ ಕೈ ಕೂತ ಮೇಲೆ ಗುಂಯಕ್ಕನ ನುಡಿಸಾಣಿಕೆಗೆ ಒಂದು ಹೆಸರು ಬಂತು. ಅವಳು ಹೆಚ್ಚು ನುಡಿಸುತ್ತಿರಲಿಲ್ಲ. ಒಂದು ಸ್ವರ ಮೀಟಿ, ಅದು ಪೂರ್ತಿ ಹಬ್ಬಿ ತಣ್ಣಗಾಗುವವರೆಗೆ ಬಿಟ್ಟು, ಆಮೇಲೆ ಇನ್ನೊಂದು. ನಡುವೆ ಖಾಲಿ ಜಾಗ. ಆ ಜಾಗದಲ್ಲಿ ಅಣ್ಣನ ಬಲಗೈ ಕೀಬೋರ್ಡಿನ ಮೇಲೆ ಒಂದು ಸಣ್ಣ ಕುಣಿತ ಹಾಕಿ ಬರುತ್ತಿತ್ತು. ಊಟಕ್ಕೆ ಬಂದವರಲ್ಲಿ ಸಂಗೀತ ಗೊತ್ತಿದ್ದವರು ಯಾರಾದರೂ ಕೈ ತೊಳೆದು ಹೋಗುವಾಗ ವೇದಿಕೆಯ ಬಳಿ ನಿಂತು, “ನಿಮ್ಮ ಬೇಸಿನಲ್ಲಿ ಎಷ್ಟು ಸಂಯಮ ಇದೆ ಕಣ್ರೀ” ಎನ್ನುತ್ತಿದ್ದರು. ಅವಳು ನಕ್ಕು ತಲೆಯಾಡಿಸುತ್ತಿದ್ದಳು. ಅಣ್ಣ ಮುಂದಿನ ವಾರವಿಡೀ ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ.

ಈ ವರ್ಷ ಅವಳ ಎಡಭುಜ ಮುನಿಸಿಕೊಂಡಿತು. ಮೊದಲು ಪರದೆ ನೇತುಹಾಕುವಾಗ ಚಳುಕು, ಆಮೇಲೆ ತಲೆ ಬಾಚುವಾಗ, ಕೊನೆಗೆ ಮೇಲಿನ ಕಪಾಟಿನ ಡಬ್ಬಿಗೂ ಕೈ ಏಳದಂತಾಯಿತು. ವೈದ್ಯೆ ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿ ಕೇಳಿದಳು, “ದಿನಾ ಏನಾದ್ರೂ ಭಾರ ಎತ್ತುತ್ತೀರಾ?”

“ಏನೂ ಇಲ್ಲ, ಡಾಕ್ಟ್ರೇ.”

“ಸುಳ್ಳು ಹೇಳ್ತಾಳೆ” ಎಂದ ಗಂಡ. “ಗಿಟಾರಿನ ಕತ್ತು ಎತ್ತುತ್ತಾಳೆ.”

ಅದು ನಿಜ. ಆ ಗಿಟಾರಿಗೆ ತಲೆಭಾರ. ಉದ್ದನೆಯ ಕತ್ತಿನ ತುದಿಯ ತಲೆಯಲ್ಲಿ ತಂತಿ ಬಿಗಿಯುವ ನಾಲ್ಕು ಕಬ್ಬಿಣದ ತಿರುಪುಗಳಿದ್ದವು. ಆನೆಯ ಕಿವಿಯಂತೆ ಅಗಲವಾಗಿದ್ದುದರಿಂದ ತಂಡದವರು ಅವನ್ನು ಕಿವಿ ಎಂದೇ ಕರೆಯುತ್ತಿದ್ದರು. ಶ್ರುತಿ ಮಾಡುವುದಕ್ಕೆ ಕಿವಿ ಹಿಂಡುವುದು ಎನ್ನುತ್ತಿದ್ದರು. ಈ ಕಿವಿಗಳ ಭಾರಕ್ಕೆ ಗಿಟಾರಿನ ತಲೆ ಸದಾ ನೆಲದತ್ತ ಜಗ್ಗುತ್ತಿತ್ತು. ಕೈ ಬಿಟ್ಟರೆ ಸಾಕು, ಬುಡ ಮೇಲೆದ್ದು ತಲೆ ಕೆಳಗೆ. ಆದ್ದರಿಂದ ಎಡಗೈಗೆ ಎರಡು ಕೆಲಸ, ತಂತಿ ಒತ್ತುವುದು ಮತ್ತು ಕತ್ತು ಆನಿಸಿ ಹಿಡಿಯುವುದು. ಹಸುಗೂಸನ್ನು ಎತ್ತಿಕೊಳ್ಳುವಾಗ ತಲೆಯ ಕೆಳಗೆ ಕೈ ಕೊಡುತ್ತೇವಲ್ಲ, ಹಾಗೆ. “ಇಷ್ಟು ವರ್ಷ ಆದ್ರೂ ಇದಕ್ಕೆ ಇನ್ನೂ ಕತ್ತು ನಿಂತಿಲ್ಲ ನೋಡಿ” ಎಂದು ಅವಳೇ ನಗೆಯಾಡುತ್ತಿದ್ದಳು. ಕುಳಿತು ನುಡಿಸಿದರೂ ಅಷ್ಟೇ, ತಲೆ ಜಾರಿ ಮೊಣಕಾಲಿಗೆ ಬರುತ್ತಿತ್ತು.

ಗಂಡ ತನಗೆ ತೋಚಿದ ಉಪಾಯ ಮಾಡಿದ. ಬಟ್ಟೆ ಕತ್ತರಿಸುವಾಗ ಸರಿಯದಂತೆ ಅವಳು ಇಡುವ ಕಬ್ಬಿಣದ ಬಿಲ್ಲೆಗಳನ್ನು ಒಂದು ಚೀಲಕ್ಕೆ ತುಂಬಿ ಗಿಟಾರಿನ ಬುಡಕ್ಕೆ ಕಟ್ಟಿದ. ಕತ್ತು ನೆಟ್ಟಗಾಯಿತು. ಆದರೆ ಎರಡು ಹಾಡಿಗೇ ಅವಳ ಭುಜದ ಮೇಲೆ ಪಟ್ಟಿಯ ಕೆಂಪು ಬರೆ ಎದ್ದಿತು. “ತಲೆಭಾರಕ್ಕೆ ಬಾಲಭಾರ ಸೇರಿಸಿದ್ರೆ ಹೊರೋದು ಯಾರು, ನಿಮ್ಮ ಬಸ್ಸಾ?” ಎಂದು ಅವಳು ಚೀಲ ಬಿಚ್ಚಿ ಅವನ ಕೈಗೇ ಕೊಟ್ಟಳು.

ಅಷ್ಟರಲ್ಲಿ ಬಣ್ಣ ಹೊಡೆಸಲು ಹೋಟೆಲಿನ ಊಟದ ಹಾಲನ್ನು ಕೆಲವು ವಾರ ಮುಚ್ಚಿದರು. ಅಣ್ಣ ಒಂದು ಸಂಜೆ ಅವಳ ಹೊಲಿಗೆ ಅಂಗಡಿಗೆ ಬಂದು, ಅರ್ಧ ಹೊಲಿದ ದಿಂಬಿನ ಮೇಲೆ ಕುಳಿತು, ಮಾತನ್ನು ಎಲ್ಲೆಲ್ಲೋ ಸುತ್ತಾಡಿಸಿ ಕೊನೆಗೆ ಹೇಳಿದ, “ನೋಡು ಪುಟ್ಟಿ, ಕೀಬೋರ್ಡಿನಲ್ಲೇ ಬೇಸಿನ ಸದ್ದಿದೆ. ನನ್ನ ಎಡಗೈ ಹೇಗೂ ಸುಮ್ನೆ ಕೂತಿರುತ್ತೆ. ನೀನು ಯಾಕೆ ಈ ನೋವು ತಿನ್ಬೇಕು? ಶನಿವಾರ ಬಾ, ಮುಂದಿನ ಮೇಜಲ್ಲಿ ಕೂತು ಊಟ ಮಾಡ್ತಾ ಕೇಳು.”

“ನಿನ್ನ ಎಡಗೈ ಸುಮ್ನೆ ಕೂತಿದೆ ಅಂತ ನನ್ನ ಕೈ ಕೀಳ್ತೀಯಾ?”

“ಕೀಳೋದಲ್ಲ ಕಣೇ ತಾಯಿ. ನಿನ್ನ ಒಳ್ಳೇದಕ್ಕೆ...”

“ನನ್ನ ಒಳ್ಳೇದು ನನ್ನ ಕೈಲಿರಲಿ.”

ಅಣ್ಣ ಎದ್ದು ನಿಂತ. ಅವನಿಗೆ ಕೋಪ ಬಂದಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. “ಹೋಟೆಲಿನ ಹಾಲ್ ತೆರೆದ ಮೊದಲ ಶನಿವಾರ ಪೂರ್ತಿ ಸಂಜೆ ನಿಂತು ನುಡಿಸು. ನಡುವೆ ಭುಜ ಹಿಡ್ಕೊಂಡು ಮುಖ ಕಿವುಚಿದ್ರೆ ಮುಂದಿನ ವಾರದಿಂದ ನಾನೇ ನುಡಿಸ್ತೀನಿ. ಆಯ್ತಾ?”

“ಆಯ್ತು” ಎಂದಳು. ಅವನು ಹೋದ ಮೇಲೆ ಹೊಲಿದ ಹೊಲಿಗೆ ನೋಡಿದರೆ ದಿಂಬಿನ ನಾಲ್ಕೂ ಬದಿ ಮುಚ್ಚಿತ್ತು. ಹತ್ತಿ ತುಂಬಲು ಬಾಯಿಯೇ ಇರಲಿಲ್ಲ.

ಸಂಗೀತದ ವಾದ್ಯ ರಿಪೇರಿ ಮಾಡುವ ಅಜ್ಜನ ಕೋಣೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಒಳಗೆ ಹೋಗಬೇಕಾದರೆ ಎಂಥವರೂ ತಲೆ ತಗ್ಗಿಸಬೇಕು. ಅಜ್ಜ ಗಿಟಾರನ್ನು ಒಂದು ಬೆರಳ ಮೇಲೆ ನಿಲ್ಲಿಸಲು ಹೋಗಿ, ಅದು ಧಡಕ್ಕನೆ ವಾಲಿದಾಗ, “ಅಬ್ಬ, ಏನು ಜಂಬ ಇದಕ್ಕೆ!” ಎಂದ. “ಬುಡಕ್ಕೆ ಹೇರೋದಲ್ಲಮ್ಮ, ತಲೆಯಿಂದ ಇಳಿಸ್ಬೇಕು. ಈಗ ಹಗುರ ಲೋಹದ ಕಿವಿ ಬರ್ತಾವೆ. ಹಳೇದೊಂದು ಎರಡು ಮೊಟ್ಟೆಯಷ್ಟು ತೂಕ ಇದ್ರೆ ಹೊಸದೊಂದು ಒಂದೇ ಮೊಟ್ಟೆಯಷ್ಟು. ಕತ್ತಿನ ತುದಿಯಲ್ಲಿ ನಾಲ್ಕು ಮೊಟ್ಟೆ ಕಮ್ಮಿಯಾದ್ರೆ ಬುಡದಲ್ಲಿ ನಲವತ್ತು ಇಟ್ಟ ಹಾಗೆ. ತೂತಿನ ಅಳತೆ ತಗೊಂಡು ತರಿಸ್ಕೊಳ್ಳಿ.”

ಅಳತೆ ತೆಗೆಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮನೆಯಲ್ಲಿ ಒಂದು ಹಳೆಯ ಕಿವಿಯನ್ನು ಬಿಚ್ಚಿ, ತೂತಿನೊಳಗೆ ಕಾಗದದ ಸುರುಳಿ ತೂರಿಸಿ, ಅದು ಬಿಚ್ಚಿಕೊಂಡು ಅಂಚಿಗೆ ತಾಗಿದ ಮೇಲೆ ಗುರುತು ಮಾಡಿ, ಬೆಳಕಿಗೆ ಹಿಡಿದು ಅಳೆದಳು. ಅಳೆದೂ ಸುರಿದೂ ಮೂರು ಸಲ ಒಂದೇ ಲೆಕ್ಕ ಬಂತು. ವಾದ್ಯಗಳ ಅಂಗಡಿಗೆ ಫೋನು ಮಾಡಿ ಹೇಳಿದಳು. ಅವರು ಎರಡೇ ಅಳತೆ ಬರುತ್ತವೆ, ಹಾಗಾದರೆ ನಿಮಗೆ ದೊಡ್ಡದು ಎಂದರು. ಆಗಬಹುದು ಎಂದಳು.

ಪೊಟ್ಟಣ ಬಂದ ದಿನ ಗಂಡ ಹೆಂಡತಿ ಇಬ್ಬರೂ ಮಂಚದ ಮೇಲೆ ಹಳೆ ಚಾದರ ಹಾಸಿ ಕುಳಿತರು. ಹೊಸ ಕಿವಿಗಳು ಅಂಗೈಯಲ್ಲಿ ಇವೆಯೋ ಇಲ್ಲವೋ ಎನ್ನುವಷ್ಟು ಹಗುರ. ತಂತಿ ಸಡಿಲಿಸಿ, ಹಳೆಯ ನಾಲ್ಕನ್ನೂ ತೆಗೆದು, ಹೊಸದೊಂದನ್ನು ತೂತಿಗೆ ಇಟ್ಟಳು. ಒಳಗೆ ಹೋಗಲಿಲ್ಲ. ತಿರುಗಿಸಿ ಇಟ್ಟಳು, ಹೋಗಲಿಲ್ಲ. ಇನ್ನೊಂದು ತೂತಿಗೆ, ಮತ್ತೊಂದಕ್ಕೆ. ಎಲ್ಲವೂ ಬಾಯಲ್ಲೇ ನಿಂತವು.

“ಅಳತೆ ಸರಿಯಾಗೇ ತಗೊಂಡೆಯಲ್ಲ?” ಎಂದ ಗಂಡ.

“ಕೂದಲೆಳೆ ತಪ್ಪಿಲ್ಲ.”

“ಅಂಗಡಿಯವರಿಗೆ ಅದನ್ನೇ ಹೇಳಿದ್ಯಾ?”

“ಅದನ್ನೇ... ಅದರ ಮೇಲೆ ಚೂರು ಬಿಟ್ಟು.” ಹೇಳುತ್ತಿದ್ದಂತೆ ಅವಳ ಕೈ ಬಾಯಿಗೆ ಹೋಯಿತು.

“ಚೂರು ಬಿಟ್ಟು ಅಂದ್ರೆ?”

“ಹೊಲಿಗೆಗೆ.”

ಗಂಡ ಅವಳ ಮುಖ ನೋಡಿದ, ಗಿಟಾರಿನ ಮುಖ ನೋಡಿದ. “ಮರದ ತೂತಿಗೆ ಒಳಮಡಿಕೆ ಬಿಟ್ಯೇನೇ?”

ಅಷ್ಟು ವರ್ಷದಿಂದ ಯಾವ ಅಳತೆ ತೆಗೆದರೂ ಅವಳ ಬಾಯಿ ತಾನಾಗಿ ಹೊಲಿಗೆಗೆಂದು ಚೂರು ಸೇರಿಸಿಯೇ ಹೇಳುತ್ತಿತ್ತು. ಬಟ್ಟೆಯಾದರೆ ಅದೇ ಸರಿ. ಇಲ್ಲಿ ಅದು ಅವಳನ್ನು ಚಿಕ್ಕ ಅಳತೆಯಿಂದ ದೊಡ್ಡ ಅಳತೆಗೆ ದಾಟಿಸಿತ್ತು. ಗಂಡ ಮಂಚದ ಮೇಲೆ ಬಿದ್ದು ನಕ್ಕ. ಅವಳೂ ನಕ್ಕಳು. ನಗುವಿನ ಕೊನೆಗೆ ಕಣ್ಣೀರು ಬಂತು, ಅದು ನಗುವಿನದಾಗಿರಲಿಲ್ಲ. ಅಂಗಡಿಗೆ ಕೇಳಿದರೆ ಚಿಕ್ಕದು ಸದ್ಯಕ್ಕಿಲ್ಲ, ಯಾವಾಗ ಬರುವುದೋ ತಿಳಿಯದು ಎಂಬ ಉತ್ತರ. ಹೋಟೆಲಿನ ಹಾಲ್ ಬರುವ ಶನಿವಾರವೇ ತೆರೆಯಲಿತ್ತು.

“ತೂತು ಹಿಗ್ಗಿಸಬಹುದು” ಎಂದ ಅಜ್ಜ, ಕೋಣೆಯ ದೀಪವನ್ನು ಗಿಟಾರಿನ ತಲೆಯ ಮೇಲೆ ಎಳೆದುಕೊಂಡು. “ಆದ್ರೆ ಯೋಚನೆ ಮಾಡಿ ಹೇಳಿ. ಇದು ಬಟ್ಟೆ ಅಲ್ಲ, ಬಿಚ್ಚಿ ಮತ್ತೆ ಹೊಲಿಯೋಕಾಗಲ್ಲ. ಒಂದು ಸಲ ಹೆರೆದ್ರೆ ಹಳೇ ಕಿವಿ ಮತ್ತೆ ಕೂರಲ್ಲ. ಇದು ನಿಮಗೆ ಒಗ್ಗದೇ ಹೋದ್ರೆ ನನ್ನ ಬೈಬಾರ್ದು.”

ಅವಳು ಮೂಲೆಯ ಸ್ಟೂಲಿನ ಮೇಲೆ ಕುಳಿತು ಯೋಚಿಸಿದಳು. ಒಗ್ಗದೇ ಹೋದರೆ ಗಿಟಾರೂ ಹೋಯಿತು, ಶನಿವಾರವೂ ಹೋಯಿತು. ಸುಮ್ಮನಿದ್ದರೆ ಗಿಟಾರು ಇದ್ದ ಹಾಗೆ ಬೀರುವಿನ ಹಿಂದೆ ಉಳಿಯುತ್ತದೆ, ತಾನು ಮುಂದಿನ ಮೇಜಿನಲ್ಲಿ ಕೈಬಾಯಿ ಒರೆಸಿಕೊಳ್ಳುತ್ತ ಕುಳಿತಿರುತ್ತೇನೆ. ಆ ಮೇಜಿನ ಚಿತ್ರವೇ ಅವಳನ್ನು ಎಬ್ಬಿಸಿತು.

“ಹೆರೀರಿ, ಅಜ್ಜ.”

ಅಜ್ಜ ತೂತುಗಳ ಸುತ್ತ ಸಿಬಿರೇಳದಂತೆ ಅಂಟುಪಟ್ಟಿ ಅಂಟಿಸಿದ. ತುದಿ ಸಪೂರ, ಬುಡ ದಪ್ಪ, ಮೈತುಂಬ ಅಲಗಿರುವ ಒಂದು ಉಪಕರಣವನ್ನು ತೂತಿಗಿಟ್ಟು ಮೆಲ್ಲಗೆ ತಿರುವಿದ. ಒಂದು ಸುತ್ತು ಈ ಕಡೆಯಿಂದ, ಒಂದು ಸುತ್ತು ಆ ಕಡೆಯಿಂದ. ಮರದ ಹುಡಿ ಹಿಟ್ಟಿನಂತೆ ಉದುರಿತು. ಮೂರನೆಯ ತೂತಿಗೆ ಬಂದಾಗ ಅಜ್ಜನ ಕೈ ಸೋತಿತು. ಉಳಿದದ್ದನ್ನು ಅವಳೇ ಬಲಗೈಯಲ್ಲಿ ತಿರುವಿದಳು, ಒಂದೊಂದು ಸುತ್ತಿಗೂ ನಿಲ್ಲಿಸಿ, ಕಿವಿಯನ್ನು ಇಟ್ಟು ನೋಡಿ, ಮತ್ತೆ ತಿರುವಿ. ಕೊನೆಯದು ಬಿಗಿಯಾಗಿ, ತನ್ನ ಜಾಗ ಸಿಕ್ಕವರ ಹಾಗೆ ಕುಳಿತಿತು.

ತಂತಿ ಏರಿಸಿ, ಪಟ್ಟಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಹೊರಗೆ ನಿಂತಳು. ಎರಡೂ ಕೈ ಬಿಟ್ಟಳು. ಗಿಟಾರು ಅಲುಗಲಿಲ್ಲ. ತೋರಿಸಲು ಯಾರೂ ಇಲ್ಲದ ಕಾರಣ ಅಜ್ಜನಿಗೇ ಹೇಳಿದಳು, “ಕತ್ತು ನಿಂತಿತು, ಅಜ್ಜ!”

“ನೆಟಿಗೆ ಮುರೀರಿ, ದೃಷ್ಟಿಯಾಗದಿರಲಿ” ಎಂದ ಅಜ್ಜ ಹುಡಿ ಗುಡಿಸುತ್ತ.

ಮರುದಿನ ಅಣ್ಣನ ಮನೆಯಲ್ಲಿ ಅಭ್ಯಾಸ. ಮೊದಲ ಹಾಡಿನಲ್ಲೇ ಗಿಟಾರಿನ ತಲೆ ಮೇಲೆ ಮೇಲೆ ಹೋಗಿ ಅವಳ ಕಿವಿಯ ಮಟ್ಟಕ್ಕೆ ಬಂತು. ಭಾರವಿಲ್ಲದ ಕತ್ತನ್ನು ಕೈ ಇನ್ನೂ ಎತ್ತುತ್ತಲೇ ಇತ್ತು. “ಕತ್ತು ನಿಂತ ಕೂಸಿನ ತಲೆ ಯಾಕೇ ಹಿಡ್ಕೋತೀಯ, ಬಿಡು” ಎಂದು ಗಂಡ ಡ್ರಮ್ಮಿನ ಹಿಂದಿನಿಂದ ಕೂಗಿದ. ಬಿಟ್ಟಳು. ಬಿಟ್ಟ ಮೇಲೆ ಆ ಕೈಗೆ ರೆಕ್ಕೆ ಬಂದಂತಾಯಿತು. ಈವರೆಗೆ ಒಂದು ಸ್ವರದಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದದ್ದು ಈಗ ಓಡಿತು, ಹಾರಿತು, ನಡುವೆ ಸಿಕ್ಕಿದ್ದನ್ನೆಲ್ಲ ಮುಟ್ಟಿಕೊಂಡು ಬಂತು. ಭುಜ ನೋಯುತ್ತಿಲ್ಲ ಎಂಬುದೇ ಅವಳಿಗೆ ಮರೆತುಹೋಯಿತು.

ಅಣ್ಣ ಕೈ ಎತ್ತಿ ನಿಲ್ಲಿಸಿದ. “ಏನಿದು, ಅಟ್ಟದ ಮೇಲೆ ಇಲಿ ಓಡಾಡಿದ ಹಾಗೆ? ನಿನ್ನ ಸಂಯಮ ಎಲ್ಲಿ ಹೋಯ್ತು?”

ಮತ್ತೆ ನುಡಿಸಿದರು. ಅಣ್ಣನ ಬಲಗೈ ಕುಣಿತಕ್ಕೆ ಹೊರಟಾಗ ಆ ಜಾಗದಲ್ಲಿ ಆಗಲೇ ತಂಗಿಯ ಸ್ವರಗಳು ಕುಳಿತಿದ್ದವು. ಇಬ್ಬರೂ ಬಾಗಿಲಲ್ಲಿ ಎದುರಾದವರಂತೆ ಡಿಕ್ಕಿ ಹೊಡೆದರು. ಅಣ್ಣ ಕೀಬೋರ್ಡು ಆರಿಸಿದ. “ಭುಜ ಸರಿಹೋಯ್ತು, ಸಂತೋಷ. ನುಡಿಸೋದು ಕೆಟ್ಟುಹೋಯ್ತಲ್ಲ, ಪುಟ್ಟಿ. ಶನಿವಾರ ಹೀಗೇ ಆದ್ರೆ ನಾನು ಏನು ಮಾಡ್ಲಿ?”

ಮನೆಗೆ ಬಂದು ಅವಳು ಪಾತ್ರೆ ತೊಳೆಯತೊಡಗಿದಳು. ಒರೆಸುವ ಬಟ್ಟೆ ಹಿಡಿದು ಗಂಡ ಪಕ್ಕದಲ್ಲಿ ನಿಂತ.

“ಒಂದು ಮಾತು ಹೇಳ್ಲಾ? ಅದು ಸಂಯಮ ಅಲ್ಲ ರೀ. ಸ್ವರ ಮೀಟಿ ಬಿಡ್ತಿದ್ದೆನಲ್ಲ, ಅಷ್ಟು ಹೊತ್ತು ನಾನು ಕತ್ತು ಎತ್ತಿ ಸರಿ ಮಾಡ್ಕೋತಿದ್ದೆ. ಕೈಗೆ ಪುರುಸೊತ್ತಿರಲಿಲ್ಲ, ಅಷ್ಟೇ. ಜನ ಅದನ್ನ ಹೊಗಳ್ತಾ ಹೊಗಳ್ತಾ ನಾನೂ ನಂಬಿಬಿಟ್ಟೆ. ಈಗ ಕೈ ಬಿಡುವಾಯ್ತು. ಹಾಗಾದ್ರೆ ನಿಜವಾಗ್ಲೂ ನನ್ನದು ಅನ್ನೋದು ಯಾವುದು, ಆವತ್ತಿನದೋ, ಇವತ್ತಿನದೋ?”

ಗಂಡ ಲೋಟವನ್ನು ಒಣಗಿದ ಮೇಲೂ ಒರೆಸಿದ. “ನನಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಎತ್ತೋದು. ಹಿಂದೆ ಕೂತವನಿಗೆ ನಿನ್ನ ಮೊಣಕೈ ಕಾಣಲ್ವಾ? ಮೊಣಕೈ ಎದ್ದ ಕೂಡ್ಲೇ ಒಂದು ಪೆಟ್ಟು ಜಾಸ್ತಿ ಹೊಡೀತಿದ್ದೆ, ಜಾಗ ಬರಿದಾಗಬಾರ್ದು ಅಂತ.”

ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ನಾನು ಒಂದು ದಿನಾನೂ ಕೇಳಿಸ್ಕೊಂಡಿಲ್ಲವಲ್ಲ ಅದನ್ನ.”

“ಎಲ್ಲಿ ಕೇಳ್ತೀಯ, ನಿನಗೆ ಕತ್ತಿನ ಚಿಂತೆ.”

ಶನಿವಾರ ಹೋಟೆಲಿನಲ್ಲಿ ಊಟದ ವಾಸನೆಗಿಂತ ಬಣ್ಣದ ವಾಸನೆಯೇ ಜೋರಾಗಿತ್ತು. ಮೊದಲ ಹಾಡನ್ನು ಅವಳು ಹಳೆಯ ರೀತಿಯಲ್ಲೇ ನುಡಿಸಿದಳು. ಬಿಡಬೇಕಾದಲ್ಲಿ ಲೆಕ್ಕ ಹಾಕಿ ಬಿಟ್ಟಳು. ಅದು ಚಿಕ್ಕಂದಿನ ರವಿಕೆಯೊಳಗೆ ತೋಳು ತೂರಿಸಿದಂತೆ, ತನ್ನದೇ ಆದರೂ ಉಸಿರು ಕಟ್ಟುವಂತಿತ್ತು. ಅಣ್ಣ ತಿರುಗಿ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದ. ಅವಳಿಗೆ ಯಾಕೋ ಅಳು ಬಂದ ಹಾಗಾಯಿತು.

ನಿಧಾನದ ಹಾಡೊಂದರ ನಡುವೆ ಆ ಖಾಲಿ ಜಾಗ ಮತ್ತೆ ಬಂತು. ಎಡಗೈಗೆ ಎತ್ತುವುದಕ್ಕೆ ಏನೂ ಇರಲಿಲ್ಲ, ಓಡುವುದಕ್ಕೂ ಅವಸರವಿರಲಿಲ್ಲ. ಸುಮ್ಮನೆ ಕಿವಿಗೊಟ್ಟು ನಿಂತಳು. ಬೆನ್ನ ಹಿಂದಿನಿಂದ ಗಂಡನ ಆ ಒಂದು ಪೆಟ್ಟು ಬಂತು. ಮೆತ್ತಗೆ, ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಮೊಣಕೈ ಹಿಡಿದ ಹಾಗೆ. ಅದರ ಮೇಲೆ ಅಣ್ಣನ ಬಲಗೈಯ ಕುಣಿತ. ಅದು ಎಷ್ಟೊಂದು ಹಳೆಯದು, ಒಂದು ಸ್ವರವೂ ಬದಲಾಗದೆ ಇಷ್ಟು ವರ್ಷ ಅದನ್ನೇ ನುಡಿಸುತ್ತಿದ್ದಾನಲ್ಲ ಎಂದು ನಗು ಬಂತು. ಇವರಿಬ್ಬರೂ ತನ್ನ ಕೈ ಕಟ್ಟಿದ್ದ ಜಾಗದಲ್ಲಿ ಒಂದೊಂದು ಸಣ್ಣ ಮನೆ ಕಟ್ಟಿಕೊಂಡಿದ್ದರು. ತಾನು ಮಾತ್ರ ಅದರೊಳಗೆ ಕಾಲಿಟ್ಟಿರಲಿಲ್ಲ.

ಅದೇ ಜಾಗ ಎರಡನೆಯ ಸಲ ಬಂದಾಗಲೂ ಬಿಟ್ಟಳು, ಈ ಸಲ ಲೆಕ್ಕ ಹಾಕದೆ. ಮೂರನೆಯ ಸಲ ಬಂದಾಗ ಅವಳ ಬೆರಳುಗಳು ತಾವಾಗಿ ಕೆಳಸ್ವರದತ್ತ ಒಂದೊಂದೇ ಮೆಟ್ಟಿಲು ಇಳಿದವು. ಓಡಲಿಲ್ಲ. ಮೇಜುಗಳ ಮೇಲಿನ ಲೋಟಗಳಲ್ಲಿ ನೀರು ಅದುರಿತು. ಅಣ್ಣನ ಬಲಗೈ ಕುಣಿತಕ್ಕೆಂದು ಎದ್ದದ್ದು ಗಾಳಿಯಲ್ಲೇ ನಿಂತಿತು, ಎಡಗೈ ತೊಡೆಯ ಮೇಲಿತ್ತು. ಅವನು ನುಡಿಸಲಿಲ್ಲ. ತಂಗಿ ಇಳಿದು ಮುಗಿಸುವವರೆಗೆ ಹಾಗೆಯೇ ಇದ್ದು, ಆಮೇಲೆ ಹಾಡಿನ ಸಾಲನ್ನು ಕೊಂಚ ತಡವಾಗಿ ಎತ್ತಿಕೊಂಡ. ತಡವಾದದ್ದು ಊಟ ಮಾಡುವವರಿಗೆ ತಿಳಿಯಲಿಲ್ಲ.

ಕೊನೆಯ ಹಾಡಿನವರೆಗೂ ಅವಳು ನಿಂತೇ ನುಡಿಸಿದಳು. ಎಲ್ಲವೂ ಸರಿ ಬರಲಿಲ್ಲ; ಒಂದು ಕಡೆ ಆಸೆಬುರುಕಿಯಾಗಿ ಅಣ್ಣನ ಹಾಡಿನ ಮೇಲೇ ಹೋದಳು, ಗಂಡ ಜೋರಾಗಿ ಎರಡು ಬಾರಿಸಿ ಇಬ್ಬರನ್ನೂ ಬಿಡಿಸಬೇಕಾಯಿತು.

ಜನ ಎದ್ದು ಹೋದ ಮೇಲೆ ಅಣ್ಣ ವೈರುಗಳನ್ನು ಸುತ್ತತೊಡಗಿದ. ಅವಳು ಗಿಟಾರನ್ನು ಚೀಲಕ್ಕೆ ಹಾಕಿದಳು, ಜಿಪ್ಪು ಎಳೆಯದೆ ಕಾದಳು. ಭುಜದ ಮಾತು ಅವನು ಎತ್ತಲಿಲ್ಲ.

“ಆ ನಿಧಾನದ ಹಾಡಲ್ಲಿ...” ಎಂದ ಕೊನೆಗೆ, ವೈರಿನ ಗಂಟು ನೋಡುತ್ತ. “ಆ ಜಾಗ ಬಂದಾಗ ನೀನು ಬರ್ತೀಯೋ, ನಾನು ಬರ್ಲೋ? ಮೊದಲೇ ಹೇಳ್ಬೇಕು ನೀನು. ಹೀಗೆ ಬಾಗಿಲಲ್ಲಿ ನಿಲ್ಲಿಸ್ಬಾರ್ದು.”

ಆ ತಂಡದಲ್ಲಿ ಹೇಗೆ ನುಡಿಸಬೇಕೆಂದು ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳು ಚೀಲದ ಜಿಪ್ಪು ಎಳೆದಳು.

“ನನಗೂ ಗೊತ್ತಿಲ್ಲ, ಅಣ್ಣ. ಒಂದೊಂದು ಸಲ ಒಂದೊಂದು ಥರ ಅನಿಸುತ್ತೆ. ಬುಧವಾರ ಕೂತು ನೋಡೋಣ?”

“ಬುಧವಾರ ಬಸ್ಸಿನ ಸೀಟು ಹೊಲಿಯೋದಿದೆ ಅಂದಿದ್ದೆಯಲ್ಲ.”

“ಸೀಟು ಕಾಯುತ್ತೆ.”

“ಮಕ್ಕಳು ನಿಂತ್ಕೊಂಡು ಹೋಗಲಿ ಬಿಡಿ, ಭಾವ” ಎಂದ ಗಂಡ, ಡ್ರಮ್ಮನ್ನು ಮಗ್ಗುಲಾಗಿಸುತ್ತ.

ಅಣ್ಣ ಗಂಟು ಬಿಡಿಸಿದ. “ಹಾಗಾದ್ರೆ ಬೇಗ ಬಾ. ನನಗೂ ಆ ಕುಣಿತ ಬಿಟ್ಟು ಬೇರೇನಾದ್ರೂ ಹುಡುಕ್ಬೇಕು.”